ಉಡುಪಿಯನ್ನು ಎರಡು ಸಲ ನೋಡಬೇಕು

ಪರವೂರಿನ ನೆಂಟರಿಷ್ಟರು ಉಡುಪಿಯವರನ್ನು ಮೊದಲು ಕೇಳುವುದು ‘ಯಾವಾಗ ಬಂದರೆ ಒಳ್ಳೆಯದು?’ ಎಂದು. ನಮ್ಮೆಲ್ಲರ ಉತ್ತರವೂ ಒಂದೇ: ‘ಈ ಮಳೆಯೊಂದು ಮುಗಿಯಲಿ ಮಾರಾಯ್ರೆ, ನವೆಂಬರ್ ಮೇಲೆ ಬನ್ನಿ.’ ಹಾಗೆ ಬಂದವರು ಕೃಷ್ಣ ಮಠ, ಮಲ್ಪೆ, ಕಾಪು ದೀಪಸ್ತಂಭ, ಕಾರ್ಕಳದ ಗೊಮ್ಮಟ, ಆಗುಂಬೆಯ ಸೂರ್ಯಾಸ್ತ ನೋಡಿ, ಗೋಳಿಬಜೆ ತಿಂದು, ಸಂತೋಷವಾಗಿಯೇ ಹಿಂತಿರುಗುತ್ತಾರೆ. ಆದರೆ ಅವರು ನೋಡಿದ್ದು ಅರ್ಧ ಊರು. ಇನ್ನರ್ಧ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ, ಅದನ್ನು ಅತಿಥಿಗಳಿಗೆ ತೋರಿಸಲು ನಾವೇ ಹಿಂಜರಿಯುತ್ತೇವೆ. ಈ ಹಿಂಜರಿಕೆ ಹೋಗಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಇಂಥದ್ದೇ ಹಿಂಜರಿಕೆ ಒಂದು ಕಾಲದಲ್ಲಿ ಆಲ್ಪ್ಸ್ ಪರ್ವತದ ಊರುಗಳಿಗೂ ಇತ್ತು. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ 1,800 ಮೀಟರ್ ಎತ್ತರದಲ್ಲಿರುವ ಪುಟ್ಟ ಊರು. ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ಅಲ್ಲಿಗೆ ಇಂಗ್ಲಿಷರು ಬರುತ್ತಿದ್ದುದು ಬೇಸಿಗೆಯಲ್ಲಿ ಮಾತ್ರ. ಹಿಮ ಬೀಳತೊಡಗಿದರೆ ಹೋಟೆಲುಗಳಿಗೆ ಬೀಗ. 1864ರ ಶರತ್ಕಾಲದಲ್ಲಿ ಯೋಹಾನೆಸ್ ಬದ್ರುಟ್ ಎಂಬ ಹೋಟೆಲ್ ಮಾಲೀಕ ಹೊರಟುನಿಂತ ಕೆಲವು ಅತಿಥಿಗಳೊಡನೆ ಪಣ ಕಟ್ಟಿದನಂತೆ: ‘ಚಳಿಗಾಲದಲ್ಲಿ ಬನ್ನಿ, ಇಷ್ಟವಾಗದಿದ್ದರೆ ನಿಮ್ಮ ಪ್ರಯಾಣದ ಖರ್ಚು ನನ್ನದು.’ ಅವರು ಬಂದರು, ವಸಂತದವರೆಗೂ ಉಳಿದರು ಎಂದು ಆ ಊರಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಮುಂದೆ 1928 ಮತ್ತು 1948ರಲ್ಲಿ ಎರಡು ಬಾರಿ ಅಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಶಾಪ ಎಂದುಕೊಂಡಿದ್ದ ಋತುವೇ ಆ ಊರಿಗೆ ಹೆಸರು ತಂದುಕೊಟ್ಟಿತು.

ನಮ್ಮ ಕರಾವಳಿಗೆ ಹಿಮ ಇಲ್ಲ. ಚಳಿಗಾಲ, ಬೇಸಿಗೆ ಎಂಬ ಭೇದವೂ ಅಷ್ಟು ತೀವ್ರವಲ್ಲ. ಡಿಸೆಂಬರ್ ಬೆಳಗ್ಗೆ ಶಾಲು ಹೊದ್ದವರು ಹನ್ನೊಂದು ಗಂಟೆಗೆ ಬೆವರುತ್ತಾರೆ. ಇಲ್ಲಿ ವರ್ಷವನ್ನು ಎರಡಾಗಿ ಸೀಳುವುದು ಮಳೆ. ಕಾಪುವಿನ ಕಡಲತೀರದಿಂದ ಉಡುಪಿ, ಮಣಿಪಾಲ, ಹಿರಿಯಡ್ಕ, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಹೆಚ್ಚುಕಡಿಮೆ 70 ಕಿಲೋಮೀಟರ್. ಸಮುದ್ರಮಟ್ಟದಿಂದ ಹೊರಟು ಸುಮಾರು 650 ಮೀಟರ್ ಎತ್ತರಕ್ಕೆ ಏರುವ ಈ ದಾರಿಯನ್ನು ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಕ್ರಮಿಸಿದವರಿಗೆ ಎರಡು ಬೇರೆ ದೇಶಗಳಿಗೆ ಹೋಗಿಬಂದ ಅನುಭವವಾಗುತ್ತದೆ.

ಇದಕ್ಕೆ ಕಾರಣ ಘಟ್ಟ. ಜೂನ್ ಮೊದಲ ವಾರದ ಹೊತ್ತಿಗೆ ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಗಾಳಿ ನೀರಾವಿ ಹೊತ್ತು ಕರಾವಳಿ ದಾಟುತ್ತದೆ. ಐವತ್ತು ಕಿಲೋಮೀಟರ್ ಒಳಗೆ ಬರುವಷ್ಟರಲ್ಲಿ ಪಶ್ಚಿಮ ಘಟ್ಟ ಗೋಡೆಯಾಗಿ ಅಡ್ಡ ನಿಂತಿರುತ್ತದೆ. ಗಾಳಿ ಮೇಲೇರಲೇಬೇಕು; ಏರಿದಂತೆ ತಣ್ಣಗಾಗುತ್ತದೆ; ತಣ್ಣಗಾದ ಗಾಳಿ ಅಷ್ಟೊಂದು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಬೀಳುವ ಮಳೆ ಆಗುಂಬೆಯ ನೆತ್ತಿಯಲ್ಲಿ 7,000 ಮಿಲಿಮೀಟರ್ ದಾಟುವುದು ಇದರಿಂದಲೇ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4,508 ಮಿಲಿಮೀಟರ್ ದಾಖಲಾಗಿತ್ತು, ಅಂದರೆ ಉಡುಪಿಯ ಇಡೀ ವರ್ಷದ ಮಳೆ ಮೂವತ್ತೊಂದು ದಿನಗಳಲ್ಲಿ. (ಈಚಿನ ಕೆಲವು ವರ್ಷಗಳಲ್ಲಿ ಹೊಸನಗರ ತಾಲೂಕಿನ ಹುಲಿಕಲ್ ಆಗುಂಬೆಯನ್ನು ಹಿಂದಿಕ್ಕಿದೆ, ಹೆಸರು ಮಾತ್ರ ಇನ್ನೂ ಆಗುಂಬೆಯದ್ದೇ.) ಘಟ್ಟದ ನೆತ್ತಿ ದಾಟಿ ಪೂರ್ವಕ್ಕೆ ಇಳಿದಂತೆ ಮಳೆ ಸೊರಗುತ್ತದೆ. ಶಿವಮೊಗ್ಗ ನಗರದಲ್ಲಿ ಅದು ಸಾವಿರ ಮಿಲಿಮೀಟರ್‌ನ ಆಸುಪಾಸು.

ಡಿಸೆಂಬರ್-ಜನವರಿಯಲ್ಲಿ ಗಾಳಿ ತಿರುಗಿರುತ್ತದೆ. ಭೂಮಿಯ ಕಡೆಯಿಂದ ಸಮುದ್ರದ ಕಡೆಗೆ ಬೀಸುವ ಒಣ ಗಾಳಿಯಲ್ಲಿ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಆಗುಂಬೆಯ ಸೂರ್ಯಾಸ್ತ ಪ್ರಸಿದ್ಧವಾದದ್ದು ಈ ಗಾಳಿಯಿಂದ. ಘಟ್ಟದ ಅಂಚಿನ ಕಟ್ಟೆಯಲ್ಲಿ ನಿಂತರೆ ಕೆಳಗೆ ಸೋಮೇಶ್ವರದ ಕಾಡು, ಅದರಾಚೆ ಕರಾವಳಿಯ ಬಯಲು, ಅದರಾಚೆ ಕಡಲು. ಸೂರ್ಯ ಇಳಿಯುವುದು ನೀರಿಗೇ. ಮಾರ್ಚ್ ಮೇಲೆ ಮಬ್ಬು ಕವಿಯುತ್ತದೆ, ಕಡಲಿನ ಗೆರೆ ಕಾಣಿಸದು. ಜುಲೈಯಲ್ಲಿ ಸೂರ್ಯಾಸ್ತ ನೋಡಲೆಂದು ಘಟ್ಟ ಹತ್ತಿದವರಿಗೆ ಕಾಣುವುದು ಎದುರಿನ ಕಾರಿನ ದೀಪ ಮಾತ್ರ. ಅವರನ್ನು ಕಳುಹಿಸಿದವರು ಋತುವನ್ನೂ ಹೇಳಿ ಕಳುಹಿಸಬೇಕಿತ್ತು.

ಒಣ ತಿಂಗಳುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಕಡಲು ಶಾಂತವಾಗಿರುತ್ತದೆ. ಬಂಡೆಯ ಮೇಲೆ ಕಟ್ಟಿದ, 1901ರಿಂದ ನಿಂತಿರುವ ಕಾಪುವಿನ ದೀಪಸ್ತಂಭವನ್ನು ಸಂಜೆಯ ಹೊತ್ತು ಹತ್ತಬಹುದು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಇರುತ್ತದೆ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ, ಎಂಟೂಮುಕ್ಕಾಲು ಕೋಟಿ ವರ್ಷಗಳಷ್ಟು ಹಳೆಯ ಲಾವಾ ಕಂಬಗಳನ್ನು ಅಲ್ಲಿ ಕೈಯಿಂದ ಮುಟ್ಟಿ ನೋಡಬಹುದು. ಕಟಪಾಡಿಯಲ್ಲಿ, ಕಾರ್ಕಳದ ಮಿಯ್ಯಾರಿನಲ್ಲಿ ಕಂಬಳ. ಜನವರಿ ಕೊನೆಗೆ ಅತ್ತೂರು ಸಂತ ಲಾರೆನ್ಸರ ಹಬ್ಬ. ಮಕರ ಸಂಕ್ರಾಂತಿಗೆ ರಥಬೀದಿಯ ತೇರು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ. ಊರೂರಿನ ಗದ್ದೆಯಲ್ಲಿ ಬೆಳಗಿನವರೆಗೆ ಯಕ್ಷಗಾನ. ಕಾಪು ಬಳಿಯ ಮಟ್ಟುವಿನಲ್ಲಿ ಬೆಳೆಯುವ, 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಟ್ಟುಗುಳ್ಳ ಮಾರುಕಟ್ಟೆಗೆ ಬರುವುದೂ ಈ ದಿನಗಳಲ್ಲೇ. ವರ್ಷದ ಸಂಭ್ರಮವನ್ನೆಲ್ಲ ಇಲ್ಲಿಯ ಜನ ಆರು ತಿಂಗಳಲ್ಲಿ ಮುಗಿಸುವುದು ಸುಮ್ಮನೆ ಅಲ್ಲ. ಬಯಲಿನಲ್ಲಿ ಮಾಡಬೇಕಾದ್ದನ್ನು ಮಾಡಲು ಆಕಾಶ ಬಿಡುವು ಕೊಡುವುದು ಅಷ್ಟೇ ದಿನ.

ಆ ಬಿಡುವಿಗೆ ಒಂದು ಕೊನೆಯ ದಿನ ಇದೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆ. ಅಂದು ತಿರುಗಾಟದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಭೂತಕೋಲ, ಜಾತ್ರೆಗಳು ನಿಲ್ಲುತ್ತವೆ. ಒಂದು ವಾರ ಕಳೆದರೆ ಜೂನ್ 1. ಯಾಂತ್ರೀಕೃತ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ದ್ವೀಪದ ದಾರಿ ಮುಚ್ಚುತ್ತದೆ. ಕಿಂಡಿ ಅಣೆಕಟ್ಟುಗಳ ಹಲಗೆ ತೆಗೆಯುತ್ತಾರೆ. ಅಂಗಳಕ್ಕೆ ಹಾಕಿದ ಚಪ್ಪರ ಇಳಿಯುತ್ತದೆ. ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ. ಸೇಂಟ್ ಮೊರಿಟ್ಜ್‌ನವರು ಹಿಮಕ್ಕೆ ಮೊದಲು ದನಗಳನ್ನು ಎತ್ತರದ ಹುಲ್ಲುಗಾವಲಿನಿಂದ ಕೆಳಗಿಳಿಸುವಂತೆ, ಇಲ್ಲಿಯವರೂ ಒಂದು ಬದುಕನ್ನು ಮಡಚಿಟ್ಟು ಇನ್ನೊಂದನ್ನು ಬಿಚ್ಚುತ್ತಾರೆ.

ಪ್ರವಾಸಿಗೆ ಈ ಎರಡನೆಯ ಬದುಕಿನ ಪರಿಚಯವೇ ಇಲ್ಲ. ‘ಮಳೆಗಾಲದಲ್ಲಿ ಅಲ್ಲಿ ಏನೂ ಇರುವುದಿಲ್ಲ’ ಎಂದು ನಾವೇ ಹೇಳಿಬಿಟ್ಟಿದ್ದೇವೆ. ಇರುವುದನ್ನು ಹೇಳುತ್ತೇನೆ.

ಮೊದಲು ಕಾಪು. ಜುಲೈಯಲ್ಲಿ ಕಾಪುವಿನ ಮರಳಿಗೆ ಇಳಿಯಬಾರದು. ಕಡಲು ತೀರವನ್ನು ಕಚ್ಚುತ್ತಿರುತ್ತದೆ, ನೀರಿನ ಬಣ್ಣ ಕೆಸರು ಕಂದು, ದಡದಲ್ಲಿ ನಿಂತವರನ್ನೂ ಸೆಳೆಯುವ ಒಳಹರಿವು. ಆದರೆ ದೂರದಲ್ಲಿ, ರಸ್ತೆಯ ಬದಿಯಲ್ಲಿ ನಿಂತು ಬಂಡೆಗೆ ಅಪ್ಪಳಿಸುವ ತೆರೆಯನ್ನು ನೋಡಬೇಕು. ದೀಪಸ್ತಂಭ ಏಕೆ ಬೇಕಾಗಿತ್ತು ಎಂಬುದು ಜನವರಿಯ ಪ್ರವಾಸಿಗೆ ತಿಳಿಯುವುದಿಲ್ಲ, ಜುಲೈಯ ಪ್ರವಾಸಿಗೆ ಹೇಳಿಕೊಡಬೇಕಾಗಿಲ್ಲ. ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ ತಿಂಗಳುಗಳಲ್ಲಿ. ಸುಗ್ಗಿ ಮಾರಿಪೂಜೆಯ ಜನಸಾಗರವನ್ನು ಎಲ್ಲರೂ ಬಲ್ಲರು. ಆಟಿಯ ಪೂಜೆ ಬರುವುದು ಮಳೆಯ ನಟ್ಟನಡುವೆ. ಬಯಲಿನ ಉತ್ಸವಗಳೆಲ್ಲ ನಿಂತ ಕಾಲದಲ್ಲೂ ಈ ಪೂಜೆ ನಿಲ್ಲುವುದಿಲ್ಲ. ಮಳೆ, ರೋಗ, ಬಡತನ ಒಟ್ಟಿಗೇ ಬರುತ್ತಿದ್ದ ಕಾಲದ ಭಯಭಕ್ತಿ ಅದರಲ್ಲಿದೆ.

ಮಣಿಪಾಲ ಮುರಕಲ್ಲಿನ ಗುಡ್ಡದ ಮೇಲಿನ ಊರು. 1950ರ ದಶಕದಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜು ಕಟ್ಟುವ ಮೊದಲು ಅದು ಬೋಳು ಪದವು. ಎಂಡ್ ಪಾಯಿಂಟ್‌ನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿಯ ಕಣಿವೆ. ಏಪ್ರಿಲ್‌ನಲ್ಲಿ ನೋಡಿದರೆ ನದಿ ಸಣಕಲು, ಜುಲೈಯಲ್ಲಿ ನೋಡಿದರೆ ದಡ ಮೀರುವ ಕೆಂಪು ನೀರು. ಇದೇ ಸ್ವರ್ಣೆಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟು ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮೇ ತಿಂಗಳಲ್ಲಿ ಬಜೆಯ ನೀರಿನ ಮಟ್ಟ ಪತ್ರಿಕೆಯ ಮುಖಪುಟಕ್ಕೆ ಬರುವುದು ಹೇಗೆ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ನಮ್ಮ ನದಿಗಳು ಗಿಡ್ಡ, ಇಳಿಜಾರು ಕಡಿದು. ಬೆಳಗ್ಗೆ ಘಟ್ಟದಲ್ಲಿ ಬಿದ್ದ ನೀರಿಗೆ ಕಡಲು ಸೇರಲು ಬಹಳ ಹೊತ್ತು ಬೇಡ. ಮುರಕಲ್ಲು ನೀರು ಕುಡಿಯುತ್ತದೆ, ಆದರೆ ಬಹುಕಾಲ ಇಟ್ಟುಕೊಳ್ಳುವುದಿಲ್ಲ. ಮದಗ, ಕೆರೆ, ಕಿಂಡಿ ಅಣೆಕಟ್ಟುಗಳು ಹಿರಿಯರು ಇದಕ್ಕೇ ಮಾಡಿಕೊಂಡ ಉಪಾಯ. ಈ ಊರಿನ ನೀರಿನ ಕಷ್ಟ ಅರ್ಥವಾಗಬೇಕಾದರೆ ಎಂಡ್ ಪಾಯಿಂಟ್‌ಗೆ ಎರಡೂ ಕಾಲದಲ್ಲಿ ಹೋಗಬೇಕು. ಮಳೆಗಾಲದ ಪದವಿನ ಮೇಲೆ ಇನ್ನೊಂದು ನೋಟವಿದೆ: ಬೇಸಿಗೆಯಲ್ಲಿ ಕಾದ ಕಾವಲಿಯಂತಿದ್ದ ಕಲ್ಲಿನ ಮೇಲೆ ಆಗಸ್ಟ್ ಹೊತ್ತಿಗೆ ಬೆರಳುದ್ದದ ಗಿಡಗಳಲ್ಲಿ ನೀಲಿ, ಬಿಳಿ ಹೂ ಚಾಪೆಯಾಗಿರುತ್ತದೆ. ಅವುಗಳಲ್ಲಿ ಕೆಲವು ಕೀಟ ಹಿಡಿದು ತಿನ್ನುವ ಗಿಡಗಳು. ಮಣ್ಣೇ ಇಲ್ಲದ ಕಲ್ಲಿನಲ್ಲಿ ಸಾರಜನಕ ಬೇರೆಲ್ಲಿಂದ ಸಿಗಬೇಕು? ಕಲ್ಲು ಕೋರೆಗೆ, ಲೇಔಟಿಗೆ ಹೋಗುತ್ತಿರುವ ಪದವುಗಳನ್ನು ‘ಪಾಳುಭೂಮಿ’ ಎಂದು ಬರೆಯುವ ಅಧಿಕಾರಿಗಳನ್ನು ಆಗಸ್ಟಿನಲ್ಲೊಮ್ಮೆ ಕರೆದುಕೊಂಡು ಬರಬೇಕು.

ಕಾರ್ಕಳದ ಬಗ್ಗೆ ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ನಿಲ್ಲಿಸಿದ ನಲವತ್ತೆರಡು ಅಡಿಯ ಬಾಹುಬಲಿ ಆರು ಶತಮಾನಗಳ ಮಳೆಯನ್ನು ಬರಿಮೈಯಲ್ಲಿ ತಾಳಿಕೊಂಡು ನಿಂತಿದ್ದಾನೆ. ಬಿಸಿಲಿನಲ್ಲಿ ಕಾಣುವ ಮೂರ್ತಿಗೂ ಮಳೆಯಲ್ಲಿ ಕಾಣುವ ಮೂರ್ತಿಗೂ ಅಜಗಜಾಂತರ. ಒದ್ದೆಯಾದ ಕಲ್ಲು ಕಪ್ಪಾಗಿ, ಹೆಗಲಿನಿಂದ ತೋಳಿನ ಬಳ್ಳಿಯ ಮೇಲೆ ನೀರು ಇಳಿಯುವಾಗ ತಪಸ್ಸು ಎಂಬುದರ ಅರ್ಥ ಪುಸ್ತಕವಿಲ್ಲದೆ ತಿಳಿಯುತ್ತದೆ. ಬಂಡೆಯಲ್ಲಿ ಕಡಿದ ಮೆಟ್ಟಿಲು ಮಾತ್ರ ಪಾಚಿಗಟ್ಟಿ ಜಾರುತ್ತದೆ; ಹಿಡಿಕೆ ಬಿಡದೆ, ನಿಧಾನ ಹತ್ತಬೇಕು. ಮಳೆ ಜೋರಾದರೆ ಎದುರಿನ ಚತುರ್ಮುಖ ಬಸದಿಗೆ ಬನ್ನಿ. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ ಈ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ನಾಲ್ಕೂ ಕಡೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಸುತ್ತ ಎತ್ತರದ ಕಲ್ಲುಕಂಬಗಳ ಜಗಲಿ. ಮಳೆ ಯಾವ ದಿಕ್ಕಿನಿಂದ ಬಂದರೂ ಒಂದು ಮಗ್ಗುಲು ಒಣಗಿರುತ್ತದೆ. ಇಡೀ ಜಿಲ್ಲೆಯಲ್ಲಿ ಕುಳಿತು ಮಳೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಾರ್ಕಳದಿಂದ ಹೆಬ್ರಿಯ ದಾರಿಯಲ್ಲಿ ವರಂಗ. ಕೆರೆಯ ನಡುವೆ ಬಸದಿ, ದೋಣಿಯಲ್ಲಿ ಹೋಗಬೇಕು. ಕೆರೆ ತುಂಬಿ, ಹಿಂದಿನ ಘಟ್ಟಕ್ಕೆ ಮೋಡ ಕವಿದ ದಿನ ಅದನ್ನು ನೋಡಿದವರು ಮತ್ತೆ ಬರುತ್ತಾರೆ.

ಹೆಬ್ರಿ ದಾಟಿ ಸೋಮೇಶ್ವರದಿಂದ ಹದಿನಾಲ್ಕು ತಿರುವಿನ ಘಾಟಿ ಶುರು. ಕೆಳಗೆ ಸೆಕೆ ಇದ್ದರೂ ಮೇಲೆ ನಾಲ್ಕು ಡಿಗ್ರಿ ಕಡಿಮೆ. ಮಳೆಗಾಳಿ ಸೇರಿದರೆ ಇನ್ನೂ ಚಳಿ. ಆಗುಂಬೆಯನ್ನು ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಬಲ್ಲವರು ಬಿಸಿಲಿನ ಬೀದಿ, ದೊಡ್ಡಮನೆಯ ಜಗಲಿ ನೆನೆಯುತ್ತಾರೆ. ಊರಿನವರ ನೆನಪಿನ ಆಗುಂಬೆ ಬೇರೆ: ಮೇ ತಿಂಗಳಲ್ಲೇ ತುಂಬಿಸಿಟ್ಟ ಸೌದೆ, ಅಟ್ಟದಲ್ಲಿ ಹಲಸಿನ ಹಪ್ಪಳ, ಬಚ್ಚಲ ಒಲೆಯ ಮೇಲೆ ಒಣಗುವ ಬಟ್ಟೆ, ಗೊರಬು ಹೊದ್ದು ಗದ್ದೆಗೆ ಬಾಗಿದ ಬೆನ್ನು, ಕಾಲಿಗೆ ಹತ್ತುವ ಇಂಬಳ. ಕಾಡು ಕೂಡ ಈ ಕಾಲಕ್ಕೆ ಮುಂಚಿತವಾಗಿಯೇ ಸಿದ್ಧವಾಗಿರುತ್ತದೆ. ಕಾಳಿಂಗ ಸರ್ಪ ಮಳೆ ಹಿಡಿಯುವ ಮುನ್ನ ತರಗೆಲೆ ಗುಡ್ಡೆ ಹಾಕಿ ಮೊಟ್ಟೆಯಿಡುತ್ತದೆ. ಗೂಡು ಕಟ್ಟುವ ಹಾವು ಅದೊಂದೇ. ಇಷ್ಟು ಮಳೆ ಸುರಿದರೂ ಎಲೆಯ ಪದರಗಳ ನಡುವಿನ ಮೊಟ್ಟೆಗೆ ನೀರು ತಾಗುವುದಿಲ್ಲ, ಮಳೆಗಾಲದಲ್ಲೇ ಮರಿ ಹೊರಬರುತ್ತದೆ. ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರಕ್ಕೆ ಆಗುಂಬೆಯನ್ನೇ ಆಯ್ದುಕೊಂಡದ್ದು ಈ ಹಾವಿನ ಸಲುವಾಗಿ.

ಊಟದ ಮಾತು ಬಿಡಲಾಗದು. ಬೇಸಿಗೆಯ ಮಾವು, ಹಲಸು, ಪುನರ್ಪುಳಿ ಒಂದು ಬಗೆ. ಆಟಿಯ ಊಟ ಬೇರೆಯೇ: ಕೆಸುವಿನೆಲೆಯ ಪತ್ರೊಡೆ, ಕಳಲೆ, ತಗಟೆ ಸೊಪ್ಪಿನ ಪಲ್ಯ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನಿನ ಚಟ್ನಿ, ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ಕಹಿ ಕಷಾಯ, ಅದರ ಮೇಲೆ ಮೆಂತೆ ಗಂಜಿ. ಒಂದು ಕಾಲದಲ್ಲಿ ಇದು ಇಲ್ಲದವರ ಊಟವಾಗಿತ್ತು. ಇಂದು ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಸಭಾಂಗಣಗಳಲ್ಲಿ ಬಡಿಸುತ್ತಾರೆ. ಆ ಕಾರ್ಯಕ್ರಮ ಹೊರಗಿನವರಿಗೂ ತೆರೆದಿರಲಿ. ಬಯಲಾಟ ಇಲ್ಲದಿದ್ದರೂ ಯಕ್ಷಗಾನ ನಿಲ್ಲುವುದಿಲ್ಲ. ದೇವಸ್ಥಾನದ ಚಾವಡಿಗಳಲ್ಲಿ ತಾಳಮದ್ದಳೆ, ಮನೆಮನೆಗೆ ಬರುವ ಚಿಕ್ಕಮೇಳ. ಮಳೆಯ ಸದ್ದಿನೊಂದಿಗೆ ಕೇಳಿದ ತಾಳಮದ್ದಳೆಯ ಅರ್ಥಗಾರಿಕೆ ಬೇಸಿಗೆಯ ಮೈಕಿನಲ್ಲಿ ಸಿಗದು. ಆಮೇಲೆ ಕೃಷ್ಣಾಷ್ಟಮಿ, ವಿಟ್ಲಪಿಂಡಿ, ಬಣ್ಣ ಬಳಿದುಕೊಂಡ ಹುಲಿವೇಷಗಳು ರಥಬೀದಿಯ ತುಂಬ. ಈ ಬದುಕಿಗೆಲ್ಲ ಸೂರು ಕೊಟ್ಟ ಹಂಚಿನ ಚರಿತ್ರೆಯಲ್ಲೂ ಆಲ್ಪ್ಸ್ ನಾಡಿನ ನೆರಳಿದೆ. ಸೇಂಟ್ ಮೊರಿಟ್ಜ್‌ನ ಆ ಪಣದ ಮರುವರ್ಷ, 1865ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೇಂದ್ರವಿದ್ದ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮುಂದೆ ಮಲ್ಪೆಯಲ್ಲೂ ತೆರೆಯಿತು. ವರ್ಷವರ್ಷ ಮುಳಿಹುಲ್ಲು ಹೊದೆಸುತ್ತಿದ್ದ ಮಾಡುಗಳು ಕೆಂಪಾದದ್ದು ಹೀಗೆ.

ಇಷ್ಟೆಲ್ಲ ಹೇಳಿದ ಮೇಲೆ ಕಠಿಣವಾದ ಮಾತನ್ನೂ ಹೇಳಬೇಕು. ಮಳೆ ಚೆಂದ ಎಂದು ಕರೆದು ಅಪಾಯವನ್ನು ಹೇಳದಿರುವುದು ದ್ರೋಹ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ನೀರುಪಾಲಾದ. ಸ್ನೇಹಿತ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಾಗಲೇ ಅದು ನಡೆಯಿತು. ದೇಹ ಸಿಗಲು ದಿನಗಳೇ ಹಿಡಿದವು. 2020ರ ಸೆಪ್ಟೆಂಬರ್ 20ರಂದು ಒಂದೇ ರಾತ್ರಿಯ ಮಳೆಗೆ ಉಡುಪಿ ನಗರದ ಮನೆಗಳೊಳಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿಯುತ್ತದೆ, ಕೆಲವು ಮಳೆಗಾಲಗಳಲ್ಲಿ ಘನ ವಾಹನಗಳನ್ನು ನಿಷೇಧಿಸುತ್ತಾರೆ. ಮಳೆ ಎಲ್ಲರಿಗೂ ನೋಟವೂ ಅಲ್ಲ: ಎಡೆಬಿಡದ ಮಳೆಯಲ್ಲಿ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು ಒಂದು ಬಿಸಿಲು ಸಿಗದೆ ಕೊಳೆರೋಗಕ್ಕೆ ಅಡಿಕೆ ಉದುರುವುದನ್ನು ನೋಡುತ್ತ ನಿಂತ ತೋಟದವನ ಮುಂದೆ ‘ವಾವ್’ ಎನ್ನಬಾರದು.

ಆಲ್ಪ್ಸ್‌ನವರು ಚಳಿಗಾಲವನ್ನು ಅತಿಥಿಗಳಿಗೆ ತೆರೆದದ್ದು ಬರೀ ಕರೆಯುವುದರಿಂದ ಅಲ್ಲ. ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ದಿನಕ್ಕೆರಡು ಬಾರಿ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಅಪಾಯವನ್ನು ಒಂದರಿಂದ ಐದರವರೆಗಿನ ಅಂಕಿಯಲ್ಲಿ ಹೇಳುತ್ತದೆ. ನಮ್ಮಲ್ಲೂ ಮುನ್ಸೂಚನೆಗೆ ಕೊರತೆಯಿಲ್ಲ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಎಂದು ಲೆಕ್ಕ ಹಾಕಿ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಜಿಲ್ಲೆಗಳಿಗೆ ಎಚ್ಚರಿಕೆ ಕೊಡುತ್ತದೆ. ಆ ಬಣ್ಣ ನೋಡಿ ನಾವು ಶಾಲೆಗೆ ರಜೆ ಕೊಡುತ್ತೇವೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದವರಿಗೆ ಅದನ್ನು ಹೇಳುವ ವ್ಯವಸ್ಥೆ ಇಲ್ಲ. ಪ್ರತಿ ಹೋಂಸ್ಟೇಯ ಗೋಡೆಯ ಮೇಲೆ, ಸೋಮೇಶ್ವರದ ತಪಾಸಣಾ ಠಾಣೆಯಲ್ಲಿ, ಕಾಪು ಮತ್ತು ಮಲ್ಪೆಯ ತೀರದಲ್ಲಿ, ಕೂಡ್ಲು ತೀರ್ಥ ಜಲಪಾತದ ದಾರಿಯಲ್ಲಿ ಆ ದಿನದ ಬಣ್ಣ ಬರೆದ ಒಂದು ಹಲಗೆ ಇರಲಿ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಕನ್ನಡದಲ್ಲಿ ಎರಡು ಸಾಲು ಇರಲಿ. ಜಿಲ್ಲಾಡಳಿತಕ್ಕೂ ಪ್ರವಾಸೋದ್ಯಮ ಇಲಾಖೆಗೂ ಇದೇನು ದೊಡ್ಡ ಖರ್ಚಲ್ಲ.

ನವೆಂಬರ್‌ನಲ್ಲಿ ಬಂದು ಹೋದವರು ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಇನ್ನೊಮ್ಮೆ ಬನ್ನಿ. ಕೊಡೆಗಿಂತ ರೇನ್‌ಕೋಟ್ ಮೇಲು, ಜಾರದ ಚಪ್ಪಲಿ ಇರಲಿ, ಒಂದು ದಿನ ಹೆಚ್ಚೇ ಇಟ್ಟುಕೊಳ್ಳಿ. ಹೊರಡುವ ಮುನ್ನ ಆ ದಿನದ ಬಣ್ಣ ನೋಡಿ. ಕೆಂಪಿದ್ದರೆ ಘಾಟಿ ಹತ್ತಬೇಡಿ, ನೀರಿಗೆ ಇಳಿಯಬೇಡಿ; ಇಳಿದುಕೊಂಡ ಮನೆಯ ಜಗಲಿಯಲ್ಲೇ ಕುಳಿತು ಪತ್ರೊಡೆ ತಿನ್ನಿ, ಘಟ್ಟ ನಾಳೆಯೂ ಅಲ್ಲೇ ಇರುತ್ತದೆ.